ಲಾಡ್ಜಿನಲ್ಲಿ ಪೂಜೆಯ ಗಂಟೆ

ಕೃಷ್ಣರಾಜನಗರದ ಭತ್ತದ ಮಂಡಿ ವೀರಭದ್ರಸ್ವಾಮಿಯವರು ಜೀವಮಾನದಲ್ಲಿ ಒಂದೇ ಒಂದು ಸಲ ಮೈಸೂರಿನ ದೊಡ್ಡ ಹೋಟೆಲಿನಲ್ಲಿ ತಂಗಿದ್ದರು. ಅದೂ ಮದರಾಸಿನ ಯಾರೋ ಅಕ್ಕಿ ವ್ಯಾಪಾರಿಯ ಖರ್ಚಿನಲ್ಲಿ. ಆ ಒಂದು ರಾತ್ರಿಯ ಬಂಡವಾಳದ ಮೇಲೆ ಹೋಟೆಲು ವಿದ್ಯೆಯಲ್ಲಿ ಪಂಡಿತರಾಗಿ ಊರಿಗೆ ಹಿಂದಿರುಗಿದರು.

"ಅಲ್ಲಿ ಬಾಗಿಲ ಹತ್ರ ಮೇಜು ಹಾಕ್ಕೊಂಡು ಒಬ್ಬ ಇರ್ತಾನೆ ಕಣ್ರೀ. ಮೇಜಿನ ಮೇಲೆ ಒಂದು ಗಂಟೆ. ಟಣ್ ಅನ್ನಿಸಿದ್ರೆ ಓಡಿ ಬರ್ತಾನೆ. ರೈಲಿನ ಟಿಕೀಟು, ಡಾಕ್ಟರು, ದೋಬಿ, ಏನು ಕೇಳಿದ್ರೂ ತಂದು ನಿಲ್ಲಿಸ್ತಾನೆ. ಅಂಥವನನ್ನ ಉಪಯೋಗಿಸ್ಕೊಳ್ಳೋಕೆ ಬರ್ಬೇಕು ಅಷ್ಟೆ. ನಮ್ಮ ಜನಕ್ಕೆ ಅದು ಬರಾಕಿಲ್ಲ," ಎಂದು ಮಂಡಿಗೆ ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದರು. ಬಂದವರು ತಲೆಯಾಡಿಸುತ್ತಿದ್ದರು. ಭತ್ತ ಮಾರಬೇಕಾದವರು ಇನ್ನೇನು ಮಾಡಿಯಾರು?

ಈ ಉಪದೇಶವನ್ನು ಒಳಮನೆಯಿಂದ ಕೇಳಿ ಕೇಳಿ ಹೆಂಡತಿ ಗುರುಶಾಂತಮ್ಮನಿಗೆ ಬಾಯಿಪಾಠವಾಗಿತ್ತು. ಗಂಟೆಯೂ ಬೇಡ, ಬರೀ ಗಂಟಲು ಕೆರೆದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಓಡಿ ಬರುವವಳೊಬ್ಬಳು ಮದುವೆಯಾದಂದಿನಿಂದ ಆ ಮನೆಯಲ್ಲೇ ಇದ್ದಳಲ್ಲ! ಅವಳನ್ನು ಉಪಯೋಗಿಸಿಕೊಳ್ಳುವುದನ್ನು ಕಲಿಯಲು ಅವರು ಮೈಸೂರಿಗೇನೂ ಹೋಗಬೇಕಾಗಿರಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ವರ್ಷದ ಸುಗ್ಗಿಯಲ್ಲಿ ವೀರಭದ್ರಸ್ವಾಮಿಯವರಿಗೆ ಆ ಕಡೆಗೂ ವ್ಯಾಪಾರ ಹಬ್ಬಿಸುವ ಹುಮ್ಮಸ್ಸು ಬಂತು. ಹುಣಸೂರಿನಲ್ಲಿ ಒಂದು ವಾರ ಕೂತು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸಾಹುಕಾರರನ್ನು ಅಲ್ಲಿಗೇ ಕರೆಸಿಕೊಂಡು ಮಾತಾಡುವುದೆಂದು ನಿಶ್ಚಯವಾಯಿತು. ಹುಣಸೂರಿನಲ್ಲಿ ಅವರ ಸೋದರತ್ತೆಯ ಮಕ್ಕಳಿದ್ದರು. ಮಠವಿತ್ತು. ಎರಡೂ ಬೇಡವೆಂದರು. ನೆಂಟರಿದ್ದೂ ಲಾಡ್ಜಿನಲ್ಲಿ ಇಳಿಯುವವನೇ ದೊಡ್ಡ ಮನುಷ್ಯ ಎಂಬುದು ಅವರ ಲೆಕ್ಕ. ಆದರೆ ದೊಡ್ಡ ಮನುಷ್ಯರು ಆಚಾರವಂತರೂ ಆಗಿದ್ದರಲ್ಲ! ಲಿಂಗ ಕಟ್ಟದವರು, ಅವರ ಬಾಯಲ್ಲಿ 'ಭವಿ'ಗಳು, ಬೇಯಿಸಿದ್ದನ್ನು ಅವರು ಮುಟ್ಟುವಂತಿರಲಿಲ್ಲ. ಆದ್ದರಿಂದ ಒಂದು ಕೈಯಲ್ಲಿ ಪಾತ್ರೆ, ಅಕ್ಕಿ, ಬೇಳೆ ತುಂಬಿದ ಟ್ರಂಕು, ಇನ್ನೊಂದು ಕೈಯಲ್ಲಿ ಇದ್ದಿಲೊಲೆ, ಅದರ ಹಿಂದೆ ಗುರುಶಾಂತಮ್ಮ. ಹೆಂಡತಿಯನ್ನು ಲಾಡ್ಜಿಗೆ ಕರೆದುಕೊಂಡು ಹೋದರು ಎಂದರೆ ಕೇಳಿದವರು ಶೋಕಿ ಎಂದುಕೊಂಡಾರು. ಕರೆದುಕೊಂಡು ಹೋದದ್ದು ಅನ್ನ ಬೇಯಿಸುವುದಕ್ಕೆ.

ಗುರುಶಾಂತಮ್ಮ ಒಂದು ಮಾತೂ ಆಡದೆ ಹೊರಟಳು. ಕಾರಣ ಇಷ್ಟೆ: ಹುಣಸೂರಿನಿಂದ ಹನಗೋಡು ಹತ್ತಿರ, ಹನಗೋಡಿನಲ್ಲಿ ಅವಳ ಮಗಳು ವಿಮಲ ಇದ್ದಳು.

ಮಂಡಿಗೆ ಭತ್ತ ಹೇರಿಕೊಂಡು ಬರುತ್ತಿದ್ದ ಹನಗೋಡಿನ ಗದ್ದೆಯವರ ಹುಡುಗ ಸಿದ್ದಯ್ಯನನ್ನು ವಿಮಲ ಮೆಚ್ಚಿ, ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಅವನೊಡನೆ ಹೋಗಿ ಮದುವೆಯಾಗಿದ್ದಳು. ಬೇರೆ ಜಾತಿ. ವೀರಭದ್ರಸ್ವಾಮಿಯವರು ಹಜಾರದಲ್ಲಿ ನಿಂತು "ನನಗೆ ಮಗಳಿಲ್ಲ" ಎಂದರು. ಅದಾದ ಮೇಲೂ ಎರಡು ವರ್ಷ ಸಿದ್ದಯ್ಯನ ಊರಿನ ಭತ್ತವನ್ನು ಮಾತ್ರ ಬೇಡವೆನ್ನಲಿಲ್ಲ. ಆ ಗಾಡಿಯವರಲ್ಲಿ ಒಬ್ಬ ಹಿತ್ತಲ ಬಾಗಿಲಿಗೆ ಬಂದು, ವಿಮಲ ಬಸುರಿ ಎಂದು ಪಿಸುಗುಟ್ಟಿ ಹೋಗಿದ್ದ. ಚೊಚ್ಚಲು ಬಾಣಂತನ ತವರಿನದು. ತವರೇ ಇಲ್ಲವೆಂದ ಮೇಲೆ ಯಾರದು? ಗುರುಶಾಂತಮ್ಮ ಟ್ರಂಕಿನಲ್ಲಿ ಅಕ್ಕಿಯ ಕೆಳಗೆ ಹಸಿರು ಬಳೆಗಳನ್ನೂ, ಎಳೆಗೂಸಿಗೆ ಹಾಸಲು ಒಗೆದು ಮೆತ್ತಗಾದ ಹಳೆಯ ಸೀರೆಗಳನ್ನೂ ಮಡಿಸಿಟ್ಟುಕೊಂಡಳು. ಒಮ್ಮೆ ಮಗಳ ಮುಖ ನೋಡಿ, ಬಳೆ ತೊಡಿಸಿ ಬಂದರೆ ಸಾಕೆಂದು ಅವಳ ಆಸೆ. ಅಷ್ಟೂ ನೆರವೇರದೆ ಹುಣಸೂರಿನಿಂದ ಹಿಂದಿರುಗಿದರೆ ತಾನು ಇದ್ದೂ ಸತ್ತಂತೆ ಎಂದು ಅವಳಿಗೆ ಅನ್ನಿಸಿತ್ತು.

ಹುಣಸೂರಿನ ಲಾಡ್ಜಿನಲ್ಲಿ ಬಾಗಿಲ ಹತ್ತಿರ ಮೇಜೂ ಇತ್ತು, ಒಬ್ಬ ಮನುಷ್ಯನೂ ಇದ್ದ. ಗಂಟೆ ಇರಲಿಲ್ಲ. ಮನುಷ್ಯನ ಹೆಸರು ಚಲುವಯ್ಯ. ಕೊಡಗಿನ ಯಾವುದೋ ತೋಟದ ದೊರೆ ಬಿಟ್ಟುಹೋದ ಕೋಟನ್ನು ಪಂಚೆಯ ಮೇಲೆ ತೊಟ್ಟಿದ್ದ. ಹಿತ್ತಾಳೆ ಗುಂಡಿಗಳಲ್ಲಿ ಒಂದು ಹೋಗಿ ಅಲ್ಲಿ ಪಿನ್ನು ಬಂದಿತ್ತು. ಸಾಮಾನು ಮೆಟ್ಟಿಲು ಹತ್ತಿಸುವಷ್ಟರಲ್ಲೇ ತನ್ನ ಪ್ರತಾಪ ಒದರಿದ: "ಮಡಿಕೇರಿಯಿಂದ ಮೈಸೂರ್ಗಂಟ ನಾ ಕೇಳುದ್ರೆ ಇಲ್ಲ ಅನ್ನೋ ಗಂಡ್ಸು ಇನ್ನೂ ಉಟ್ಟಿಲ್ಲ ಬುದ್ದಿ. ಬಸ್ಸು ಅನ್ನಿ, ಲಾರಿ ಅನ್ನಿ, ಅಮಲ್ದಾರ್ರನ್ನೇ ಬೇಕಾರೂ ಅನ್ನಿ, ನಿಲ್ಲುಸ್ತೀನಿ."

ಇವನೂ ನನ್ನ ಗಂಡನ ಪೈಕಿಯೇ, ಕೋಟು ಮಾತ್ರ ಬೇರೆ, ಎಂದುಕೊಂಡಳು ಗುರುಶಾಂತಮ್ಮ.

ವೀರಭದ್ರಸ್ವಾಮಿಯವರಿಗೆ ಗಂಟೆ ಇಲ್ಲದ್ದು ದೊಡ್ಡ ಕೊರತೆಯಾಯಿತು. "ಕೂಗಿ ಕರೆಯೋದು ಹಳ್ಳಿಗಮಾರರು," ಎಂದವರೇ ಪೂಜೆಯ ಪೆಟ್ಟಿಗೆ ತೆರೆದು, ಲಿಂಗಪೂಜೆಯ ಹಿತ್ತಾಳೆ ಗಂಟೆಯನ್ನು ಹೊರತೆಗೆದು ಕಿಟಕಿಯ ಮೇಲಿಟ್ಟರು. ಗುರುಶಾಂತಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಅದು ದೇವರ ಗಂಟೆ ಕಣ್ರೀ."

"ನಿನಗೇನು ಗೊತ್ತು? ಬಾರಿಸೋದು ನಾನಲ್ವಾ?" ಎಂದರು.

ಸಂಜೆಯೆಲ್ಲ ಅದೇ ಕೆಲಸ. ಟಣ್ ಎಂದರೆ ಕುಡಿಯುವ ನೀರು. ಟಣ್ ಎಂದರೆ ಮಂಚವನ್ನು ಆ ಗೋಡೆಯಿಂದ ಈ ಗೋಡೆಗೆ. ಟಣ್ ಎಂದರೆ ಕಿಟಕಿಯ ಮೇಲೆ ಕೂತ ಕಾಗೆ ಓಡಿಸು. ಕೈಯಲ್ಲಿ ಗಡಿಯಾರ ಕಟ್ಟಿಕೊಂಡು ಗಂಟೆ ಎಷ್ಟೆಂದು ಕೇಳಲೂ ಅವನನ್ನು ಮೇಲಕ್ಕೆ ಹತ್ತಿಸಿದರು. ಕಟ್ಟೆಮಳಲವಾಡಿಯಿಂದ ಕಾಣಲು ಬಂದ ಸಾಹುಕಾರರೊಬ್ಬರ ಎದುರಿನಲ್ಲಂತೂ ಕಾರಣವೇ ಇಲ್ಲದೆ ಬಾರಿಸಿ, ಅವನು ಬಂದು ನಿಂತಾಗ "ಏನಿಲ್ಲ ಹೋಗಲೇ," ಎಂದರು. ಇಂಥ ಪಾಂಡಿತ್ಯದ ಫಲ ಕೂಡಲೇ ಕಂಡಿತು. ಬಿಸಿನೀರು ಆರಿದ ಮೇಲೆ ಬರತೊಡಗಿತು. ಆರಿದ್ದು ಬೇಕೆಂದಾಗ ಕುದಿಯುತ್ತ ಬಂತು.

ಮಾರನೆಯ ಬೆಳಿಗ್ಗೆ ಆಗಬೇಕಾದ್ದು ಆಯಿತು. ವೀರಭದ್ರಸ್ವಾಮಿಯವರು ಸ್ನಾನ ಮಾಡಿ, ಮಣೆಯ ಮೇಲೆ ಕೂತು, ಹಣೆಗೂ ತೋಳಿಗೂ ವಿಭೂತಿ ಬಳಿದು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡರು. ಲಿಂಗ ಅಂಗೈಗೆ ಬಂದಮೇಲೆ ಪೂಜೆ ಮುಗಿಯುವ ತನಕ ಅವರು ಏಳುವಂತಿಲ್ಲ, ಮಾತಾಡುವಂತಿಲ್ಲ, ಭವಿಗಳ ಕಣ್ಣು ಅದರ ಮೇಲೆ ಬೀಳುವಂತಿಲ್ಲ. ಧೂಪ ಹಾಕಿ ಬಲಗೈಯಿಂದ ಗಂಟೆ ಬಾರಿಸಿದರು. ಬಾಗಿಲು ತೆರೆಯಿತು.

"ಕರುದ್ರಾ ಬುದ್ದಿ?" ಎಂದ ಚಲುವಯ್ಯ.

"ಹ್ಞೂಂ! ಹ್ಞೂಂಹ್ಞೂಂ!" ಎಂದರು ಬುದ್ಧಿಯವರು, ಕಣ್ಣು ಕೆಕ್ಕರಿಸಿ, ಗಂಟೆಯಿಂದಲೇ ಬಾಗಿಲು ತೋರಿಸುತ್ತ. ಬಾರಿಸಿದಷ್ಟೂ ಚಲುವಯ್ಯ ಹತ್ತಿರ ಬಂದ. ನೀರು ಬೇಕೇನೋ ಎಂದು ಬಗ್ಗಿ ಅಭಿಷೇಕದ ತಂಬಿಗೆಯನ್ನೂ ಎತ್ತಿಕೊಂಡ. ಗುರುಶಾಂತಮ್ಮ ಒಲೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಪೂಜೆ ನಸುಕಿನಲ್ಲೇ ಸೆರಗಿನ ಮರೆಯಲ್ಲಿ ಸದ್ದಿಲ್ಲದೆ ಮುಗಿದಿತ್ತು. ಅವಳ ಲಿಂಗಕ್ಕೆ ಗಂಟೆಯ ಹಂಗಿರಲಿಲ್ಲ.

ಪೂಜೆ ಕೆಟ್ಟಿತು. ಮತ್ತೆ ಹಂಡೆಗೆ ಉರಿ ಹಾಕಿ, ಮತ್ತೆ ಸ್ನಾನ, ಮತ್ತೆ ಮೊದಲಿನಿಂದ ಪೂಜೆ. ಅಷ್ಟಾಗುವ ತನಕ ಹನಿ ನೀರು ಕುಡಿಯುವಂತಿಲ್ಲ. ಊಟಕ್ಕೆ ಕೂರುವಾಗ ಬಿಸಿಲು ನೆತ್ತಿಗೇರಿತ್ತು. ಅಷ್ಟಾದರೂ ದೇವರ ಗಂಟೆಯನ್ನು ದೇವರಿಗೆ ಬಿಟ್ಟುಕೊಡಬೇಕೆಂದು ಆ ತಲೆಗೆ ಹೊಳೆಯಲಿಲ್ಲ. ಚಲುವಯ್ಯನನ್ನು ನಿಲ್ಲಿಸಿಕೊಂಡು ಕಾನೂನು ಮಾಡಿದರು: "ನೋಡ್ಲಾ, ಒಂದೇ ಸಮ ಬಾರಿಸಿದ್ರೆ ಪೂಜೆ. ಬಿಟ್ಟು ಬಿಟ್ಟು ಬಾರಿಸಿದ್ರೆ ಕರೆ. ಪೂಜೆ ಮುಗಿಯೋ ತನಕ ಆಕಾಶ ಬಿದ್ರೂ ಯಾರೂ ಒಳಕ್ಕೆ ಬರಕೂಡದು. ತಿಳೀತಾ, ಕತ್ತೆ?"

"ತಿಳೀತು ಬುದ್ದಿ," ಎಂದ ಚಲುವಯ್ಯ. ಮೆಟ್ಟಿಲಿಳಿಯುವಾಗ ಅವನ ಮುಖ ಕಪ್ಪಿಟ್ಟಿತ್ತು. ಮಾರನೆಯ ಬೆಳಿಗ್ಗೆ ಕಾನೂನು ಚೆನ್ನಾಗಿಯೇ ನಡೆಯಿತು. ತಮ್ಮ ಬುದ್ಧಿಗೆ ತಾವೇ ತಲೆದೂಗಿ ವೀರಭದ್ರಸ್ವಾಮಿಯವರು ಹೊತ್ತಿಗೆ ಸರಿಯಾಗಿ ಉಂಡು ಮಲಗಿದರು.

ಅವರು ಗೊರಕೆ ಹೊಡೆಯುತ್ತಿರುವಾಗ ಗುರುಶಾಂತಮ್ಮ ಕೆಳಗಿಳಿದಳು. ಹೆಚ್ಚುಗಾರಿಕೆಯವರನ್ನು ನಿಭಾಯಿಸುವ ವಿದ್ಯೆ ಅವಳಿಗೆ ಕರತಲಾಮಲಕ. ಬೇರೆ ಏನು ಕಲಿಯಲು ಆ ಮನೆಯಲ್ಲಿ ಅವಕಾಶವಿತ್ತು? ಇಂಥವರಿಗೆ ಕೆಲಸ ಹೇಳಬಾರದು, ಕಷ್ಟ ಹೇಳಬೇಕು. ಆಗ ಕೆಲಸ ತಾನಾಗಿ ಆಗುತ್ತದೆ.

"ಚಲುವಯ್ಯ, ನೀನು ದೊಡ್ಡೋರ ಬಳಕೆಯಿರೋನು. ನಿನ್ನ ಕೈಲಿ ಆಗದಿದ್ರೆ ಈ ಊರಲ್ಲಿ ಇನ್ಯಾರ ಕೈಲೂ ಆಗಲ್ಲ," ಎಂದು ಶುರುಮಾಡಿ, ಮಗಳ ವಿಷಯ ಪೂರ್ತಿ ಹೇಳಿದಳು. ಹೇಳುತ್ತ ಹೇಳುತ್ತ ನಿಜವಾಗಿಯೇ ಕಣ್ಣಲ್ಲಿ ನೀರು ಬಂತು. ಅದು ಅವಳ ಲೆಕ್ಕದಲ್ಲಿರಲಿಲ್ಲ.

ಚಲುವಯ್ಯ ಕೋಟಿನ ಪಿನ್ನು ಸರಿಮಾಡಿಕೊಂಡ. "ಅನ್ಗೋಡಾ? ಕಾಡಿಗೆ ಮರ ತರಾಕೋಗೋ ಲಾರಿಯೆಲ್ಲಾ ಅನ್ಗೋಡಿನ್ ಮೇಲೇ ಓಗಾದು. ನೀವು ಒಳೀಕ್ ನಡೀರವ್ವ, ಸಂಜೀಕೆ ಸುದ್ದಿ ತತ್ತೀನಿ."

ಸಂಜೆಗೆ ತಂದ. ಬೊಗಳೆ ಬಿಡುವವನೆಂದು ಅವಳು ತಿಳಿದಿದ್ದಳು. ಬೊಗಳೆಯಲ್ಲಿ ಅರ್ಧ ನಿಜವಾದರೂ ಇತ್ತು. "ನಿಮ್ ಮಗೀಗೆ ದಿನ ತುಂಬ್ಯದೆ ಕಣ್ರವ್ವ. ಅತ್ತೆ ಓದೊರ್ಸ ತೀರೋದ್ರಂತೆ. ಮನೇಲಿ ಎಣ್ಣೆಂಗ್ಸು ಅಂತ ಒಂದ್ ಪಿಳ್ಳೆನೂ ಇಲ್ಲ. ಸೂಲಗಿತ್ತಿ ಪುಟ್ಟಮಾದಮ್ಮ ಬಂದು ಓಗಿ ಮಾಡ್ತಾವ್ಳೆ. ನಾಳೆ ಬೆಳಿಗ್ಗೆ ಮಲಯಾಳಿ ಡ್ರೈವರ್ ಲಾರಿ ಓಯ್ತದೆ, ಮುಂದ್ಗಡೆ ಸೀಟು ಬುಡುಸಿವ್ನಿ. ಮದ್ಯಾನ್ಕೆ ಮರ ತುಂಬ್ಕಂಡು ಬರೋ ಇನ್ನೊಂದ್ ಲಾರೀಲಿ ವಾಪಸ್ಸು. ಬುದ್ದೇರ್ಗೆ ಏನ್ ಯೋಳ್ತೀರಾ?"

ಗುರುಶಾಂತಮ್ಮ ಮೆಟ್ಟಿಲ ಕಡೆಗೊಮ್ಮೆ ನೋಡಿ ತಗ್ಗಿದ ದನಿಯಲ್ಲಿ, "ಒಂದೇ ಸಮ ಅಂದ್ರೆ ಏನು, ಬಿಟ್ಟು ಬಿಟ್ಟು ಅಂದ್ರೆ ಏನು ಅಂತ ನಿನಗೆ ನಾಳೆ ಮರೆತುಹೋದ್ರೆ ಯಾರು ಏನು ಮಾಡೋಕಾಯ್ತದೆ?" ಎಂದಳು.

ಚಲುವಯ್ಯ ಅವಳ ಮುಖವನ್ನೇ ನೋಡಿದ. ನಿಧಾನವಾಗಿ ಅವನ ಮುಖದ ತುಂಬ ನಗು ಹರಡಿತು. "ನಾವು ಕತ್ತೆಗಳಲ್ವಾ ಅವ್ವಾ? ಮರೀತದೆ."

ಮಾರನೆಯ ಬೆಳಿಗ್ಗೆ ಗಂಡ ಬಚ್ಚಲಿಗೆ ಹೋಗುವಾಗ, "ಹೊಳೆ ಕಡೆ ಬಿಲ್ವಪತ್ರೆ ಸಿಗುತ್ತಂತೆ, ತತ್ತೀನಿ," ಎಂದು ಹೇಳಿ, ಬಳೆಗಳನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಟ್ರಂಕು ಎತ್ತಿದರೆ ಅನುಮಾನ ಬರುತ್ತದೆಂದು ಹಳೆಯ ಸೀರೆಗಳನ್ನು ಅಲ್ಲೇ ಬಿಟ್ಟಳು. ಕೃಷ್ಣರಾಜನಗರದ ಮಂಡಿ ಸಾಹುಕಾರರ ಹೆಂಡತಿ ಮರದ ಲಾರಿಯ ಮುಂದಿನ ಸೀಟಿನಲ್ಲಿ, ಬೀಡಿ ಸೇದುವ ಮಲಯಾಳಿ ಡ್ರೈವರಿನ ಪಕ್ಕ ಕೂತು ಹೋದದ್ದನ್ನು ಬಸ್ ನಿಲ್ದಾಣದವರೆಲ್ಲ ನೋಡಿದರು. ನೋಡಲಿ ಎಂದುಕೊಂಡಳು. ಅವಳಿಗೇ ಅದು ಆಶ್ಚರ್ಯವಾಯಿತು.

ಹನಗೋಡಿನಲ್ಲಿ ವಿಮಲ ಜಗುಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಕಾಲು ಬಾತಿತ್ತು, ಮುಖ ಸೊರಗಿತ್ತು. ಅವ್ವನನ್ನು ನೋಡಿ ಏಳಲು ಹೋಗಿ, ಆಗದೆ ಕಂಬ ಹಿಡಿದುಕೊಂಡಳು. ಗುರುಶಾಂತಮ್ಮ ಮಗಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಮಗಳು ಅಳಲಿಲ್ಲ.

ಬಳೆ ತೊಡಿಸುವಾಗ ವಿಮಲ ಕೈ ಚಾಚಿಕೊಂಡು ಸುಮ್ಮನೆ ಕೂತಿದ್ದಳು. ಕೊನೆಯ ಬಳೆ ಗೆಣ್ಣು ದಾಟಿದ ಮೇಲೆ, "ಹೊರಡು, ಅಪ್ಪಯ್ಯನ ಊಟಕ್ಕೆ ಹೊತ್ತಾಯ್ತದೆ," ಎಂದಳು.

"ಹಂಗನ್ಬ್ಯಾಡ ಕಣವ್ವ. ನನ್ನ ಕೈಲಿ ಇಷ್ಟಾದ್ರೂ ಆಯ್ತಲ್ಲ."

"ನಿನಗೂ ಅಪ್ಪಯ್ಯನಿಗೂ ಏನವ್ವ ವ್ಯತ್ಯಾಸ? ಅವರು ಬಾಯಿಬಿಟ್ಟು ಮಗಳಿಲ್ಲ ಅಂದ್ರು. ನೀನು ಬಾಯಿ ಮುಚ್ಕೊಂಡು ಅಂದೆ. ಕದ್ದು ಬಂದು ಬಳೆ ತೊಡಿಸಿದ್ರೆ ಆಗ್ಹೋಯ್ತಾ? ನೋವು ಬಂದ ದಿನ ಈ ಬಳೆ ಬಂದು ನನ್ನ ಸೊಂಟ ಹಿಡೀತದಾ?"

ಗುರುಶಾಂತಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಒಲೆಯ ಮುಂದೆ ಕೂತು ಗಂಡನನ್ನು ಮನಸ್ಸಿನಲ್ಲೇ ಜರೆದು ಜರೆದು, ಅದೇ ತನ್ನ ದೊಡ್ಡ ಪೌರುಷವೆಂದು ಅವಳು ನಂಬಿದ್ದಳು. ಮನಸ್ಸಿನಲ್ಲಿ ಜರೆಯುವುದಕ್ಕೆ ಏನು ಖರ್ಚು? ಅವರಿಗೆ ಅದು ಕೇಳಿಸಿಯೇ ಇರಲಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಮಗಳ ತಲೆ ಸವರಿ, ಬಿದ್ದ ಅವರೆಕಾಯಿಗಳನ್ನು ಮೊರಕ್ಕೆ ಬಳಿದು ಹಾಕಿ ಎದ್ದಳು.

"ಹೊರಟ್ಯಾ?" ಎಂದಳು ವಿಮಲ.

"ಟ್ರಂಕು ತತ್ತೀನಿ. ನೀನು ಹೇಳದೆ ಬಂದೆ. ನಾನು ಹೇಳಿ ಬತ್ತೀನಿ."

ಹುಣಸೂರಿಗೆ ಬಂದಿಳಿದಾಗ ಮಧ್ಯಾಹ್ನ ಕಳೆದಿತ್ತು. ಚಲುವಯ್ಯ ಬಾಗಿಲಲ್ಲೇ ಕಾಯುತ್ತಿದ್ದ. ಸಂತೋಷ ತಡೆಯಲಾರದೆ ಬೆವರುತ್ತಿದ್ದ. "ಎರಡ್ಸಲ ನುಗ್ಗಿದೆ ಕಣ್ರವ್ವ, ಎರಡ್ಸಲವೂ ಮೈ ತೊಳ್ಕಂಡ್ರು. ಸೌದೆ ಬೇರೆ ಅಸಿ ಸೌದೆ, ನೀರು ಕಾಯಾದೇ ಇಲ್ಲ ಅಂತದೆ. ಈಗ್ಲೇ ಮೂರ್ನೇ ಕಿತ ಕುಂತವ್ರೆ. ಒಟ್ಟೆಗೆ ಏನೂ ಇಲ್ಲ, ಪಾಪ."

"ಹನಗೋಡಿನ ಕಡೆ ಇನ್ನೊಂದು ಲಾರಿ ಸಿಗ್ತದಾ?"

"ರಸ್ತೇಲಿ ಈ ಕೋಟಾಕ್ಕಂಡು ನಿಂತ್ರೆ ನಿಲ್ದೆ ಏನ್ ಮಾಡ್ತದೆ?"

"ಹಂಗಾದ್ರೆ ನಿಲ್ಲಿಸು. ಆಮೇಲೆ ಮೇಲಕ್ಕೆ ಬಂದು ಬಾಗಿಲ ಹೊರಗೇ ನಿಂತಿರು. ಒಂದು ಟ್ರಂಕು ಹೊರಬೇಕು."

ಅವಳು ಬಾಗಿಲು ತೆರೆದಳು. ವೀರಭದ್ರಸ್ವಾಮಿಯವರು ಮಣೆಯ ಮೇಲಿದ್ದರು. ಮೂರು ಸ್ನಾನಗಳಿಂದ ಚರ್ಮ ಸುಕ್ಕಿತ್ತು, ಹಸಿವೆಯಿಂದ ತುಟಿ ಒಣಗಿತ್ತು. ಎಡ ಅಂಗೈಯಲ್ಲಿ ಲಿಂಗ. ಹೆಂಡತಿಯನ್ನು ಕಂಡದ್ದೇ ಹುಬ್ಬು ಮೇಲೇರಿ, ಎಲ್ಲಿ ಹಾಳಾಗಿ ಹೋಗಿದ್ದೆ ಎಂಬ ಪ್ರಶ್ನೆ ಕಣ್ಣಿನಲ್ಲೇ ಬಂತು. ಬಾಯಿಂದ ಬರುವಂತಿರಲಿಲ್ಲ.

ಗುರುಶಾಂತಮ್ಮ ಮೊದಲು ಲಿಂಗಕ್ಕೆ ಕೈಮುಗಿದಳು. ಆಮೇಲೆ ಟ್ರಂಕಿನ ಮುಚ್ಚಳ ತೆಗೆದು ಅಕ್ಕಿ, ಬೇಳೆ, ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಹತ್ತಿರ ಇಟ್ಟಳು. ತನ್ನ ಬಟ್ಟೆಯೂ ಹಳೆಯ ಸೀರೆಗಳೂ ಉಳಿದವು. ಮುಚ್ಚಳ ಹಾಕಿ, ಗಂಡನ ಎದುರಿಗೆ ಬಂದು ನಿಂತಳು. ಮದುವೆಯಾದಂದಿನಿಂದ ಅವಳು ಆರಂಭಿಸಿದ ಯಾವ ಮಾತನ್ನೂ ಈ ಮನುಷ್ಯ ಕೊನೆ ಮುಟ್ಟಲು ಬಿಟ್ಟಿರಲಿಲ್ಲ. ಇವತ್ತು ಬಿಡದೆ ಗತಿಯಿರಲಿಲ್ಲ.

"ಪತ್ರೆ ತರೋಕೆ ಹೋಗಿರಲಿಲ್ಲ ನಾನು. ಹನಗೋಡಿಗೆ ಹೋಗಿದ್ದೆ. ವಿಮಲನಿಗೆ ದಿನ ತುಂಬಿದೆ. ಈಗ ಅಲ್ಲಿಗೇ ಹೋಗ್ತಿದೀನಿ. ಬಾಣಂತನ ಮುಗಿದ ಮೇಲೂ ನಾನಾಗಿ ಬರಲ್ಲ. ನಿಮಗೆ ಬೇಕಾದ್ರೆ ಆ ಮನೆ ಬಾಗಿಲಿಗೆ ಬಂದು, ಮಗಳು ಅಂತ ಬಾಯ್ತುಂಬ ಕರೆದು, ಆಮೇಲೆ ನನ್ನ ಕರೀರಿ. ಗಂಟೆ ಬಾರಿಸಿದ್ರೆ ಬರಲ್ಲ."

ಬುದ್ಧಿಯವರ ಗಂಟಲಿನಲ್ಲಿ "ಹ್ಞೂಂ" ಎಂಬ ಸದ್ದು ಹುಟ್ಟಿ ಅಲ್ಲೇ ಸತ್ತಿತು.

"ಅಕ್ಕಿ ಅಲ್ಲಿದೆ, ಒಲೆ ಅಲ್ಲಿದೆ. ಬೇಯಿಸೋಕೆ ಬರದಿದ್ರೆ ಹೋಟ್ಲಿನವನಿಗೆ ಹೇಳಿ. ಏನು ಕೇಳಿದ್ರೂ ಮಾಡ್ತಾನೆ, ಉಪಯೋಗಿಸ್ಕೊಳ್ಳೋಕೆ ಬರ್ಬೇಕು ಅಷ್ಟೆ ಅಂತಿದ್ರಲ್ಲ. ನನಗೆ ಬಂತು ಕಣ್ರೀ," ಎಂದಳು.

ಲಿಂಗ ಕೆಳಗಿಡುವಂತಿಲ್ಲ. ಏಳುವಂತಿಲ್ಲ. ಬೈಯುವಂತಿಲ್ಲ. ಉಳಿದದ್ದು ಬಲಗೈ. ವೀರಭದ್ರಸ್ವಾಮಿಯವರು ಗಂಟೆ ಎತ್ತಿ ಬಾರಿಸಿದರು. ಒಂದೇ ಸಮ ಅಲ್ಲ, ತಮ್ಮ ಕಾನೂನಿನ ಪ್ರಕಾರ ಬಿಟ್ಟು ಬಿಟ್ಟು, ಸ್ಪಷ್ಟವಾಗಿ.

ಗುರುಶಾಂತಮ್ಮ ಟ್ರಂಕನ್ನು ಹೊಸಿಲಾಚೆ ಎಳೆದು ಬಾಗಿಲು ಹಾಕಿಕೊಂಡಳು. ಚಲುವಯ್ಯ ಅದನ್ನು ತಲೆಗೇರಿಸಿ ಮೆಟ್ಟಿಲಿಳಿದ. ಕೆಳಗೆ ಲಾರಿ ಗುರ್ರೆನ್ನುತ್ತ ನಿಂತಿತ್ತು. ಮೇಲಿನಿಂದ ಟಣ್, ಟಣ್ ಎಂದು ಬರುತ್ತಲೇ ಇತ್ತು. ಅವನು ಟ್ರಂಕನ್ನು ಲಾರಿಗೆ ಹಾಕಿ ಒಮ್ಮೆ ಕಿಟಕಿಯ ಕಡೆ ನೋಡಿದ. ಎಷ್ಟಾದರೂ ಲಾಡ್ಜಿನ ಅನ್ನ ತಿನ್ನುವವನು.

"ಬಿಟ್ಟು ಬಿಟ್ಟು ಒಡೀತಾವ್ರೆ ಕಣವ್ವಾ. ಓಗಿ ನೋಡ್ಲಾ?"

"ಪೂಜೆ ಕಣಪ್ಪ," ಎಂದಳು ಗುರುಶಾಂತಮ್ಮ ಸೀಟಿಗೆ ಹತ್ತುತ್ತ. "ಮುಗಿಯೋ ತನಕ ಯಾರೂ ಹೋಗಕೂಡದು ಅಂತ ಅವರೇ ಹೇಳಿದಾರಲ್ಲ."

ಚಲುವಯ್ಯ ಕೋಟು ಕೊಡವಿಕೊಂಡು ತನ್ನ ಮೇಜಿಗೆ ಹೋಗಿ ಕೂತ.